ಗರಿಕೆಗೊಂದು ಗಡಿ

ಹೂವಿನ ಪಾತಿಗೆ ಅಂಚು ಕಟ್ಟುವುದು ಅರ್ಧ ದಿನದ ಕೆಲಸ ಎನ್ನುವವರು ಜನ್ಮದಲ್ಲಿ ಅಂಚು ಕಟ್ಟಿದವರಲ್ಲ. ಈ ಮಾತನ್ನು ಸೊಂಟದ ಮೇಲೆ ಕೈಯಿಟ್ಟು ಹೇಳುತ್ತಿದ್ದೇನೆ; ಕೈ ತೆಗೆಯಲು ಸೊಂಟ ಒಪ್ಪುತ್ತಿಲ್ಲ.

ಇಷ್ಟಕ್ಕೆಲ್ಲ ಕಾರಣ ಗರಿಕೆ. ನೆಲದ ಮೇಲೆ ಹಬ್ಬುವುದು ಸಾಲದೆಂದು ಅದು ನೆಲದೊಳಗೂ ಕಾಂಡ ಚಾಚುತ್ತದೆ, ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಕಿತ್ತಾಗ ಒಂದು ತುಂಡು ಮಣ್ಣಿನಲ್ಲಿ ಉಳಿದರೂ ಅದೇ ಹೊಸ ಗಿಡ. ಹುಲ್ಲುಹಾಸಿನಲ್ಲಿ ಇರಬೇಕಾದದ್ದು ಚೆಂಡುಹೂವಿನ ಬುಡದಲ್ಲಿ ಸಂಸಾರ ಹೂಡಿತ್ತು. "ಸುತ್ತ ಅಂಚು ಕಟ್ಟಿಬಿಡಿ" ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು. "ನೇರ ಗೆರೆ ಬೇಡ, ಸ್ವಲ್ಪ ಬಳುಕಲಿ."

ಬಳುಕುವ ಗೆರೆ ಎಳೆಯಲು ತೋಟದ ಪೈಪನ್ನು ನೆಲದ ಮೇಲೆ ಬೇಕಾದಂತೆ ಬಾಗಿಸಿ, ಅದರುದ್ದಕ್ಕೂ ಸುಣ್ಣದ ಪುಡಿ ಉದುರಿಸಬೇಕು. ಬಾಗಿಸಿದೆ, ಉದುರಿಸತೊಡಗಿದೆ. "ರೀ, ಹೇಗೂ ಪೈಪ್ ಹಾಕಿದ್ದೀರಲ್ಲ, ನೀರು ಬಿಟ್ಟಿದ್ದೇನೆ" ಎಂಬ ಸದ್ದು ಹಿತ್ತಲಿನಿಂದ ಬಂದಾಗ ಪೈಪಿಗೆ ಜೀವ ಬಂತು. ಒಮ್ಮೆ ಕೊಸರಿ, ಸುಣ್ಣವನ್ನೆಲ್ಲ ಕಲಸಿ, ತನಗೆ ತೋಚಿದ ಗೆರೆಯನ್ನು ತಾನೇ ಎಳೆದು ಮಲಗಿತು. ನಿಜ ಹೇಳಬೇಕೆಂದರೆ ಅದರ ಗೆರೆಯೇ ಚೆನ್ನಾಗಿತ್ತು. ಅದನ್ನೇ ಉಳಿಸಿಕೊಂಡೆವು.

ಮೊದಲು ತಂದದ್ದು ಪ್ಲಾಸ್ಟಿಕ್ ಪಟ್ಟಿ. ಸುರುಳಿ ಬಿಚ್ಚಿ ಬಿಸಿಲಿಗೆ ಹಾಕಿದರೆ ಮೆತ್ತಗಾಗಿ ಹೇಳಿದ ಮಾತು ಕೇಳುತ್ತದೆ ಎಂಬುದು ಸುಳ್ಳಲ್ಲ. ಆದರೆ ನಾನು ಗೂಟ ಹೊಡೆಯುವ ಹೊತ್ತಿಗೆ ಮೋಡ ಕವಿಯಿತು. ಸುರುಳಿಯಾಗಿದ್ದ ದಿನಗಳನ್ನು ಪಟ್ಟಿ ನೆನಪಿಸಿಕೊಂಡಿತು. ಈ ತುದಿಗೆ ಗೂಟ ಬಡಿದರೆ ಆ ತುದಿ ಎದ್ದು ಬಂದು ಮೊಣಕಾಲಿಗೆ ಬಾರಿಸುತ್ತಿತ್ತು. ಅದೀಗ ಅಟ್ಟದ ಮೇಲೆ, ಮತ್ತೆ ಸುರುಳಿಯಾಗಿ, ಸುಖವಾಗಿದೆ.

ಆಮೇಲೆ ಇಟ್ಟಿಗೆ. ಒಂಬತ್ತು ಇಂಚಿನ ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಆರು ಇಂಚು ಹೂತರೆ ಗರಿಕೆಗೆ ತಡೆಗೋಡೆಯಾಗುತ್ತದೆ ಎಂದು ಪಕ್ಕದ ಮನೆಯ ಹಿರಿಯರು ಕಾಂಪೌಂಡ್ ಗೋಡೆಗೆ ಮೊಣಕೈ ಊರಿ ಹೇಳಿದರು. ಮೊಣಕೈ ಊರಿದವರಿಗೆ ಆಳದ ಚಿಂತೆ ಇರುವುದಿಲ್ಲ. ನಾಲ್ಕು ಇಂಚಿಗೇ ಹಾರೆ ಕಲ್ಲಿಗೆ ಬಡಿದು ಠಣ್ ಎಂದಿತು. ಹಾಗಾಗಿ ಇಟ್ಟಿಗೆಗಳನ್ನು ಮಗ್ಗುಲಾಗಿ ಕೂರಿಸಿದೆ: ಕೆಳಗೆ ಮರಳು, ಮೇಲೆ ರಬ್ಬರ್ ಸುತ್ತಿಗೆಯ ಹದವಾದ ಏಟು, ಪಕ್ಕದಲ್ಲಿ ಮಟ್ಟ ನೋಡಲು ರಸಮಟ್ಟ. ರಸಮಟ್ಟದ ಗುಳ್ಳೆಯಷ್ಟು ಹಟಮಾರಿ ವಸ್ತುವನ್ನು ನಾನು ಕಂಡಿಲ್ಲ. ಎಡಗಡೆ ಏಟು ಕೊಟ್ಟರೆ ಬಲಕ್ಕೆ ಓಡುತ್ತದೆ, ಬಲಗಡೆ ಕೊಟ್ಟರೆ ಎಡಕ್ಕೆ, ಎರಡೂ ಕಡೆ ಕೊಟ್ಟರೆ ಇಟ್ಟಿಗೆಯೇ ಮರಳಿನೊಳಗೆ ಇಳಿದುಹೋಗುತ್ತದೆ. ಆಯತಾಕಾರದ ಇಟ್ಟಿಗೆ ಬಾಗಿದ ಗೆರೆಯಲ್ಲಿ ಕೂತಾಗ ಒಳಗಡೆ ಮೂಲೆ ತಾಗುತ್ತದೆ, ಹೊರಗಡೆ ಬಾಯಿ ಬಿಡುತ್ತದೆ. ಆ ಬಾಯಿಗೆಲ್ಲ ಮರಳು ತುಂಬಿ ಗುಡಿಸಿದೆ.

ಸುತ್ತು ಮುಗಿದಾಗ ಕೊನೆಗೆ ಉಳಿದ ಜಾಗ ಅರ್ಧ ಇಟ್ಟಿಗೆಗಿಂತ ಹೆಚ್ಚು, ಒಂದಕ್ಕಿಂತ ಕಡಿಮೆ. ನಾಲ್ಕೂ ಮುಖಕ್ಕೆ ಉಳಿಯಿಂದ ಗೀರು ಹಾಕಿ ಒಂದೇ ಏಟು ಕೊಟ್ಟರೆ ಇಟ್ಟಿಗೆ ಗೀರಿನಲ್ಲೇ ಒಡೆಯಬೇಕು. ಗೀರೊಂದನ್ನು ಬಿಟ್ಟು ಉಳಿದ ಎಲ್ಲ ಕಡೆ ಒಡೆಯಿತು. ಜಾಗವನ್ನು ಹಾಗೆಯೇ ಬಿಟ್ಟೆ.

"ಇದೇನು, ಬಾಗಿಲೇ?" ಎಂದು ಕೇಳಿದರು ಹಿರಿಯರು.

"ಮಳೆ ನೀರು ಹೋಗಲು ದಾರಿ ಬೇಕಲ್ಲ ಸ್ವಾಮಿ" ಎಂದೆ, ಹುಬ್ಬು ಅಲುಗಿಸದೆ.

ಮಳೆ ಬಂತು. ಪಾತಿ ತುಂಬಿತು. ಚೆಂಡುಹೂಗಳು ಕತ್ತಿನವರೆಗೆ ನೀರಿನಲ್ಲಿ ನಿಂತವು. ಹಿರಿಯರು ಕೊಡೆ ಹಿಡಿದು ಬಂದು ಪಾತಿಯನ್ನೂ ನನ್ನ ದಾರಿಯನ್ನೂ ನಿಧಾನವಾಗಿ ನೋಡಿದರು. "ದಾರಿ ಎತ್ತರದಲ್ಲಿದೆ. ನೀರು ಹತ್ತಿಕೊಂಡು ಹೋಗಬೇಕೇ?"

ತಗ್ಗಿನ ಕಡೆಯ ಒಂದು ಇಟ್ಟಿಗೆಯನ್ನು ಮಳೆಯಲ್ಲೇ ಕಿತ್ತೆ. ನೀರು ಸರ್ರನೆ ಹೊರಟಿತು. ಇಟ್ಟಿಗೆ ಕೂತಿದ್ದ ಜಾಗದಲ್ಲಿ, ಮರಳಿನ ನಡುವೆ, ಬೆಳ್ಳಗೆ ಮೊನಚಾದ ಗರಿಕೆಯ ಕುಡಿಯೊಂದು ಪಾತಿಯ ಕಡೆಗೆ ಮುಖ ಮಾಡಿ ಮಲಗಿತ್ತು. ಮೇಲೆ ಅಷ್ಟು ದೊಡ್ಡ ಬಾಗಿಲು ತೆರೆದಿಟ್ಟಿದ್ದರೂ ಅಡಿಯಿಂದಲೇ ಬರುತ್ತಿದೆ!

ಹೆಂಡತಿ ಕಿಟಕಿಯಿಂದ ನೋಡುತ್ತಿದ್ದಳು. ಗಡಿ ಬಿಗಿಯಾಗಿದೆ ಎಂದು ಕೈ ಸನ್ನೆ ಮಾಡಿ, ಕಿತ್ತ ಇಟ್ಟಿಗೆಯನ್ನು ಅವಳಿಗೆ ಕಾಣದಂತೆ ಕೊಡೆಯ ಕೆಳಗೆ ಹಿಡಿದುಕೊಳ್ಳಲು ಹಿರಿಯರಿಗೆ ಕೊಟ್ಟೆ.