ನಮ್ಮ ಮಾರಿಯೋ ನಿಧಾನಕ್ಕೆ ಓಡುತ್ತಿದ್ದ

ಭಾನುವಾರ ಮನೆಗೆ ಬಂದ ಗೆಳೆಯರಿಗೆ ಹಳೇ ವಿಡಿಯೋ ಗೇಮ್ ಡಬ್ಬ ತೋರಿಸಿದೆ. ಹೊರಗಿನಿಂದ ನೋಡಿದರೆ 1998ರದ್ದು, ಒಳಗಿರುವುದು ಅಂಗೈಯಷ್ಟು ದೊಡ್ಡ ಕಂಪ್ಯೂಟರ್. ಒಬ್ಬ "ಛೆ, ಹಳೇ ಮಷಿನ್ ಕರುಳು ಕಿತ್ತು ಹಾಕಿದ್ದೀಯಲ್ಲೋ" ಎಂದು ಬೈದ. ಇನ್ನೊಬ್ಬ "ಫೋನಲ್ಲಿ ಒಂದು ಆ್ಯಪ್ ಹಾಕ್ಕೊಂಡಿದ್ರೆ ಮುಗೀತಿತ್ತು ಮಾರಾಯ, ಇಷ್ಟೆಲ್ಲಾ ಯಾಕೆ" ಎಂದ. ನನಗೆ ಯಾವಾಗಲೂ ಉತ್ತರ ಹೊಳೆಯುವುದು ಬಂದವರು ಹೋಗಿ ಗೇಟ್ ಹಾಕಿದ ಮೇಲೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಡಬ್ಬದ ಜಾತಕ. ನಾವು ಆಲ್ದೂರಿನಲ್ಲಿದ್ದಾಗ ಅಪ್ಪ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಿಂದ ತಂದದ್ದು. ನಿಂಟೆಂಡೊ ಕಂಪನಿ ಜಪಾನಿನಲ್ಲಿ 1983ರಲ್ಲಿ ಫ್ಯಾಮಿಕಾಮ್ ಅಂತ ಒಂದು ಮಷಿನ್ ಬಿಟ್ಟಿತ್ತಲ್ಲ, ಅದರ ನಕಲು. ನಮಗೆ ಆ ಹೆಸರೂ ಗೊತ್ತಿರಲಿಲ್ಲ. ನಮಗದು ಟಿವಿ ಗೇಮ್, ಅದಕ್ಕೆ ಹಾಕುವುದು ಕ್ಯಾಸೆಟ್. ಕ್ಯಾಸೆಟ್ ಮೇಲೆ 9999 ಗೇಮ್ ಅಂತ ಬರೆದಿತ್ತು, ಒಳಗೆ ಇದ್ದದ್ದು ಇಪ್ಪತ್ತೋ ಏನೋ, ಅವೇ ಮತ್ತೆ ಮತ್ತೆ ಬೇರೆ ಹೆಸರಲ್ಲಿ. ಅದು ಗೊತ್ತಾಗಲು ನಮಗೆ ಅರ್ಧ ಬೇಸಿಗೆ ರಜೆ ಬೇಕಾಯಿತು, ಯಾಕೆಂದರೆ ನಾನೂ ಅಕ್ಕನೂ ಶ್ರದ್ಧೆಯಿಂದ ಒಂದೊಂದೇ ನಂಬರ್ ಒತ್ತುತ್ತಾ ಮುನ್ನೂರು ಚಿಲ್ಲರೆವರೆಗೆ ಹೋಗಿದ್ದೆವು.

ಅಮ್ಮ ಅಟ್ಟ ಖಾಲಿ ಮಾಡಿಸುವಾಗ ಡಬ್ಬ ಸಿಕ್ಕಿತು. ಬಿಚ್ಚಿದರೆ ಒಳಗೆ ಹಲ್ಲಿ ಮೊಟ್ಟೆ, ಇಪ್ಪತ್ತು ಮಳೆಗಾಲದ ಬೂಷ್ಟು. ಕರುಳು ಕಿತ್ತೆ ಎಂದ ಗೆಳೆಯನಿಗೆ ಹೇಳುವುದು ಇಷ್ಟೇ, ಸತ್ತ ಮೇಲೆ ಕಿತ್ತದ್ದು. ಸ್ಪಿರಿಟ್ ಹಾಕಿ ಉಜ್ಜಿದೆ, ಕೆಪಾಸಿಟರ್ ಬದಲಾಯಿಸಿದೆ. 9 ವೋಲ್ಟನ್ನು 5ಕ್ಕೆ ಇಳಿಸುವ 7805 ರೆಗ್ಯುಲೇಟರ್ ಸರಿಯಾಗಿಯೇ ಇತ್ತು. ಆದರೂ ಪರದೆ ಬೆಳ್ಳಗೆ. ಅಸಲಿ ಫ್ಯಾಮಿಕಾಮ್ ಆಗಿದ್ದರೆ ಲೆಕ್ಕ ಮಾಡುವ ಚಿಪ್ ಬೇರೆ, ಚಿತ್ರ ಬರೆಯುವ ಚಿಪ್ ಬೇರೆ, ಒಂದು ಹೋದರೆ ಒಂದನ್ನು ಹುಡುಕಿ ಹಾಕಬಹುದು. ನಮ್ಮ ನಕಲಿಯಲ್ಲಿ ಎಲ್ಲವೂ ಒಂದು ಕಪ್ಪು ಬೊಟ್ಟಿನ ಕೆಳಗೆ, ಡಾಂಬರು ಹನಿ ಬಿದ್ದ ಹಾಗೆ. ಅದು ಸತ್ತರೆ ಸತ್ತಂತೆಯೇ. ಆನ್ ಆಗುವ ಮಷಿನ್ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಬಿಚ್ಚಬೇಡಿ. ಕೆಲಸ ಮಾಡುವ ಮಷಿನ್ ಹೊಟ್ಟೆ ಬಗೆದು ಹೊಸ ಬೋರ್ಡ್ ತುರುಕುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ.

ಒಳಗೆ ಹಾಕಿದ್ದು ಒಂದು ರಾಸ್ಪ್‌ಬೆರಿ ಪೈ 3, ಅದೇ ಆ ಅಂಗೈ ಕಂಪ್ಯೂಟರ್. ಅದರಲ್ಲಿ ಹಳೇ ಗೇಮ್ ಓಡಿಸುವ ರೆಟ್ರೋಪೈ ಅನ್ನುವ ಸಾಫ್ಟ್‌ವೇರ್. ಫ್ಯಾಮಿಕಾಮ್‌ನ ಪ್ರೊಸೆಸರ್ 1.79 ಮೆಗಾಹರ್ಟ್ಸ್, ರ್‍ಯಾಮ್ 2 ಕಿಲೋಬೈಟ್. ಪೈ ನಾಲ್ಕು ಕೋರ್, 1.2 ಗಿಗಾಹರ್ಟ್ಸ್, 1 ಜಿಬಿ. ಇರುವೆ ಹೊರಲು ಆನೆ ಕರೆಸಿದ ಹಾಗೆ. ಒಂದು ತಪ್ಪು ಮಾತ್ರ ಮಾಡಬೇಡಿ. ಹಳೇ 9 ವೋಲ್ಟ್ ಅಡಾಪ್ಟರ್, ಒಳಗಿನ 7805 ಎರಡೂ ಇವೆಯಲ್ಲ, 5 ವೋಲ್ಟ್ ಬರುತ್ತದಲ್ಲ, ಅದರಲ್ಲೇ ಓಡಿಸೋಣ ಅನ್ನಿಸುತ್ತದೆ. ನಾನೂ ಓಡಿಸಿದೆ. ಪೈಗೆ 2.5 ಆಂಪಿಯರ್ ಸಪ್ಲೈ ಬೇಕು, ಆ ರೆಗ್ಯುಲೇಟರ್‌ಗೆ 1 ಆಂಪಿಯರ್ ದಾಟುವ ತಾಕತ್ತಿಲ್ಲ, ಉಳಿದ 4 ವೋಲ್ಟ್ ಎಲ್ಲಾ ಬಿಸಿಯಾಗಿ ಹೋಗುತ್ತದೆ. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ.

ಇನ್ನು ಫೋನ್ ಸಾಕು ಎಂದವನಿಗೆ. ಹಳೇ ಕಂಟ್ರೋಲರ್ ನಾನು ಬಿಸಾಡಲಿಲ್ಲ. ಅದರಲ್ಲಿ ಎಂಟು ಬಟನ್, ಎಂಟರ ಸುದ್ದಿಯೂ ಒಂದೇ ವೈರ್‌ನಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಬರುತ್ತದೆ. ಒಟ್ಟು ಐದು ವೈರ್. ಕರೆಂಟ್‌ಗೆ ಎರಡು, ಉಳಿದ ಮೂರು ಲ್ಯಾಚ್ (ಯಾವ ಬಟನ್ ಒತ್ತಿದೆ ಅಂತ ಹಿಡಿದಿಡಲು), ಕ್ಲಾಕ್ (ಒಂದೊಂದಾಗಿ ಕಳಿಸಲು), ಡೇಟಾ (ಸುದ್ದಿ ಬರುವ ವೈರ್). ನಕಲಿ ಸೆಟ್‌ನಲ್ಲಿ ವೈರ್ ಬಣ್ಣ ನಂಬುವಂತಿಲ್ಲ, ಮಲ್ಟಿಮೀಟರ್ ಹಿಡಿದು ಕೂರಬೇಕು. ಪೈನ ಪಿನ್‌ಗಳು ತಡೆಯುವುದು 3.3 ವೋಲ್ಟ್ ಮಾತ್ರ, ಹಾಗಾಗಿ ಕಂಟ್ರೋಲರ್‌ಗೂ ಅಷ್ಟೇ ಕೊಟ್ಟೆ, ಪುಣ್ಯಕ್ಕೆ ಅಷ್ಟರಲ್ಲೇ ಎದ್ದಿತು. ಅಕ್ಕ ಬಂದಾಗ ಕಾಂಟ್ರಾ ಅಂತ ಗುಂಡು ಹಾರಿಸುವ ಗೇಮ್ ಹಾಕಿ ಕೈಗೆ ಕೊಟ್ಟೆ. ಏನೂ ಯೋಚಿಸದೆ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿಬಿಟ್ಟಳು. 30 ಜೀವ! ಇಪ್ಪತ್ತೈದು ವರ್ಷ ಆಗಿತ್ತು ಅವಳು ಅದನ್ನು ಮುಟ್ಟಿ. ಕಜುಹಿಸಾ ಹಾಶಿಮೊಟೊ ಎನ್ನುವವರು 1986ರಲ್ಲಿ ಬಂದ ಫ್ಯಾಮಿಕಾಮ್‌ನ ಗ್ರೇಡಿಯಸ್ ಎಂಬ ಗೇಮ್ ತಯಾರಿಸುವಾಗ ತಮಗೇ ಆಡಲು ಕಷ್ಟವಾಗುತ್ತದೆ ಅಂತ ಇಟ್ಟುಕೊಂಡ ಕಳ್ಳದಾರಿ ಅದು, ಆಲ್ದೂರಿನ ಹುಡುಗಿಯ ಹೆಬ್ಬೆರಳಲ್ಲಿ ಇನ್ನೂ ಕೂತಿದೆ. ಆಮೇಲೆ ಬೇಕಂತಲೇ ಫೋನಲ್ಲಿ ಅದೇ ಗೇಮ್ ಕೊಟ್ಟೆ. ಮೂರು ಸಲ ತಪ್ಪಿದಳು. "ಯಾವ್ದು ಮೊದ್ಲು ಹೇಳೋ" ಎಂದು ನನ್ನನ್ನೇ ಕೇಳಿದಳು. ಗಾಜಿನ ಮೇಲೆ ಬೆರಳಿಗೆ ಏನೂ ನೆನಪಿಲ್ಲ.

ಆದರೆ ಅದೇ ದಿನ ಮಾರಿಯೋ, ಅಂದರೆ ಮೀಸೆಯವನು ಓಡುತ್ತಾ ಹಾರುತ್ತಾ ಹೋಗುವ ಗೇಮ್, ಹಾಕಿದಾಗ ಅವಳೇ ಒಂದು ಮಾತು ಅಂದಳು. "ಇವನ್ಯಾಕೋ ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡ್ತಾನಲ್ಲೋ." ನನಗೂ ಹಾಗೇ ಅನ್ನಿಸಿತ್ತು, ವಯಸ್ಸಾಯಿತು ಅಂತ ಸುಮ್ಮನಿದ್ದೆ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ ನೋಡಿದೆ, ಬಟನ್ ಒತ್ತಿದ್ದು ತಡವಾಗಿ ತಟ್ಟುವುದು ಕಡಿಮೆಯಾಯಿತು, ಓಟ ಕಡಿಮೆಯಾಗಲಿಲ್ಲ. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಜಪಾನ್, ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿತ್ತು. ನಮ್ಮದು ಪಾಲ್ ಅನ್ನುವ ಪದ್ಧತಿಯ ಟಿವಿ, 50 ಸಲ. ಆ ಕಾಲದ ಗೇಮ್ ಗಡಿಯಾರ ನೋಡುವುದಿಲ್ಲ, ಚಿತ್ರ ಎಣಿಸುತ್ತದೆ. ಒಂದು ಚಿತ್ರಕ್ಕೆ ಒಂದು ಹೆಜ್ಜೆ. ನಮ್ಮ ಟಿವಿಗೆ ಅಂತ ಮಾಡಿದ ನಕಲಿ ಮಷಿನ್ ಸೆಕೆಂಡಿಗೆ 50 ಹೆಜ್ಜೆ ಇಡುತ್ತಿತ್ತು. ಅಂದರೆ ಆರರಲ್ಲಿ ಒಂದು ಪಾಲು ನಿಧಾನ, ಹಾಡೂ ಅಷ್ಟೇ ನಿಧಾನ. ನಾವು ಕಲಿತದ್ದು ಆ ಮಾರಿಯೋನನ್ನು.

ಹಳೇ ಮಷಿನ್ ಥರ ನಟಿಸುವ ಸಾಫ್ಟ್‌ವೇರ್, ಅಂದರೆ ಎಮ್ಯುಲೇಟರ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ಎನ್‌ಟಿಎಸ್‌ಸಿ (ಆ 60ರದ್ದು), ಪಾಲ್ ಜೊತೆಗೆ ಡೆಂಡಿ ಅಂತ ಇನ್ನೊಂದಿದೆ. ಡೆಂಡಿ ಅಂದರೆ 1992ರಲ್ಲಿ ರಷ್ಯಾದಲ್ಲಿ ಮಾರಾಟಕ್ಕೆ ಬಂದ ಇಂಥದೇ ನಕಲಿ. ಅದನ್ನು ಆರಿಸಿ, ಟಿವಿಗೆ ಹೋಗುವ ಔಟ್‌ಪುಟ್ ಕೂಡ 50 ಹರ್ಟ್ಸ್ ಮಾಡಿದೆ. ಅದು ಮಾಡದಿದ್ದರೆ ಚಿತ್ರ ಜರ್ಕ್ ಹೊಡೆಯುತ್ತದೆ. ಹಾಡು ಶುರುವಾಯಿತು ನೋಡಿ, ಅಕ್ಕ ಅಡುಗೆಮನೆಯಿಂದಲೇ "ಹಾಂ, ಇದು" ಎಂದಳು. ಬಲ್ಲವರು 60 ಸರಿ ಅನ್ನುತ್ತಾರೆ. ಇರಬಹುದು, ಜಪಾನಿನವರಿಗೆ. ನಾನು ಮತ್ತೆ ಕಟ್ಟಲು ಹೊರಟಿದ್ದು ಅವರ ಮಷಿನ್ ಅಲ್ಲ, ನಮ್ಮ ಮನೆಯದ್ದು. ನಕಲಿಗೇ ನಿಯತ್ತಾಗಿರಬೇಕಲ್ವಾ?

ಹಾಗಂತ ಗೇಮ್ ಫೈಲ್ ಬೇಕು ಅಂತ ನನಗೆ ಮೆಸೇಜ್ ಮಾಡಬೇಡಿ. ಹಳೆಯದಾದ ಮಾತ್ರಕ್ಕೆ ಕಂಪನಿಯ ಹಕ್ಕು ಹೋಗುವುದಿಲ್ಲ. ನಮ್ಮ ಆ 9999ರ ಕ್ಯಾಸೆಟ್ಟೇ ಕದ್ದ ಮಾಲು, ಆದ್ದರಿಂದ ನಾನು ನೀತಿ ಹೇಳುವ ಜಾಗದಲ್ಲಿಲ್ಲ. ದುಡ್ಡು ಕೊಟ್ಟು ನ್ಯಾಯವಾಗಿ ಕೊಳ್ಳುವ ಹೊಸ ಗೇಮ್‌ಗಳೂ ಇವೆ. ಮೈಕ್ರೋ ಮೇಜಸ್ ಅಂತ 2019ರದ್ದು, 40 ಕಿಲೋಬೈಟ್‌ನಲ್ಲಿ ನಾಲ್ಕು ಜನ ಒಟ್ಟಿಗೆ ಆಡುವಂಥದ್ದು. ಒಂದು ವಾಟ್ಸ್ಆ್ಯಪ್ ಫೋಟೋ ಅದಕ್ಕಿಂತ ದಪ್ಪ ಇರುತ್ತದೆ.

ಕೊನೆಗೆ ಕರೆಂಟ್ ಕಥೆ. ಹಳೇ ಮಷಿನ್ ಯಾವಾಗ ಬೇಕಾದರೂ ಸ್ವಿಚ್ ತೆಗೆಯಬಹುದಿತ್ತು. ಪೈಗೆ ಕೇಳಿ ಮಲಗಿಸಬೇಕು, ಇಲ್ಲದಿದ್ದರೆ ಮೆಮೊರಿ ಕಾರ್ಡ್ ಕೆಡುತ್ತದೆ. ನಮ್ಮ ಕಡೆ ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋಗುವಾಗ ಯಾರನ್ನು ಕೇಳುತ್ತದೆ? ಎರಡು ಸಲ ಕಾರ್ಡ್ ಹೋಯಿತು. ಆಮೇಲೆ ಓವರ್‌ಲೇ ಅನ್ನುವ ಸೆಟ್ಟಿಂಗ್ ಆನ್ ಮಾಡಿದೆ. ಆಗ ಕಾರ್ಡ್ ಮೇಲೆ ಏನನ್ನೂ ಬರೆಯುವುದಿಲ್ಲ, ಎಲ್ಲಾ ರ್‍ಯಾಮ್‌ನಲ್ಲಿ, ಆಫ್ ಆದರೆ ಎಲ್ಲಾ ಮಾಯ. ಆಡಿದ್ದು ಸೇವ್ ಕೂಡ ಆಗುವುದಿಲ್ಲ.

ಅಕ್ಕನ ಮಗನಿಗೆ ಹನ್ನೊಂದು ವರ್ಷ. "ಮಾವ, ಸೇವ್ ಆಗಲ್ವಾ?" ಎಂದ.
"ಇಲ್ಲ."
"ಮತ್ತೆ ನೀವು ಊಟಕ್ಕೆ ಹೋಗ್ಬೇಕಾದ್ರೆ ಏನ್ಮಾಡ್ತಿದ್ರಿ?"
"ಪಾಜ್ ಒತ್ತಿ, ಟಿವಿ ಮಾತ್ರ ಆಫ್ ಮಾಡಿ ಹೋಗ್ತಿದ್ವಿ. ಅಡಾಪ್ಟರ್ ಇಸ್ತ್ರಿಪೆಟ್ಟಿಗೆ ಥರ ಕಾಯ್ತಿತ್ತು."
ಅವನಿಗೆ ಪಾಪ ಅನ್ನಿಸಿತು, ನಮ್ಮ ಮೇಲೆ.

ಬಾಕಿ ಉಳಿದದ್ದು ಬಾತುಕೋಳಿ ಹೊಡೆಯುವ ಗೇಮಿನ ಗನ್. ಅದಕ್ಕೆ ಹಳೇ ದಪ್ಪ ಟಿವಿಯೇ ಬೇಕು. ಟ್ರಿಗರ್ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ, ಗನ್ ಆ ಬೆಳಕನ್ನು ಆ ಕ್ಷಣದಲ್ಲೇ ಕಾಣಬೇಕು. ಈಗಿನ ಟಿವಿ ತಡವಾಗಿ ತೋರಿಸುವುದರಿಂದ ಗನ್ ಕುರುಡು. ಪೈನಿಂದ ಆಡಿಸಿದರೆ ಆ ಗನ್ ನಡೆಯುತ್ತದೋ ಇಲ್ಲವೋ, ಅದು ಆಮೇಲಿನ ಜಗಳ. ಮೊದಲು ಟಿವಿ ಸಿಗಬೇಕು. ಚಿಕ್ಕಮಗಳೂರು, ಹಾಸನ, ಬೇಲೂರು, ಮೂಡಿಗೆರೆ ಕಡೆ ಯಾರ ಮನೆಯಲ್ಲಾದರೂ ಓಡುವ ಹಳೇ ಕಲರ್ ಟಿವಿ ಇದ್ದರೆ ಗುಜರಿಯವನಿಗೆ ಕೊಡಬೇಡಿ. 14 ಇಂಚಾದರೂ ಸಾಕು. ನಾನೇ ಬಂದು ಒಯ್ಯುತ್ತೇನೆ.