ರಕ್ತ ಕಾರಿಕೊಂಡ ಮೇಲೆ ಬನ್ನಿ

ಬಡವರ ಕಾಯಿಲೆಗೆ ಶಿಸ್ತು ಕಲಿಸುವುದರಲ್ಲಿ ನಮ್ಮ ವ್ಯವಸ್ಥೆಗೆ ಸರಿಸಾಟಿಯಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆಯುಂಟು. ಆದರೆ ಆ ಭಾಗ್ಯ ಒಲಿಯಬೇಕಾದರೆ ರೋಗಿ ದಾಖಲಾಗಿ ಹಾಸಿಗೆ ಹಿಡಿದಿರಬೇಕು. ದಾಖಲಾಗದೆ ತೋರಿಸಿಕೊಂಡು ಹೋಗುವ ಹೊರರೋಗಿ ವಿಭಾಗದ, ಅಂದರೆ ಓಪಿಡಿಯ, ಚೀಟಿ ಹಿಡಿದು ಬೆಂಚಿನ ಮೇಲೆ ಕುಳಿತವರನ್ನು ಯೋಜನೆಯ ಕಾರ್ಡು ಗುರುತಿಸುವುದಿಲ್ಲ.

ಪಿತ್ತಜನಕಾಂಗದ ರೋಗಿಗಳಿಗೆ ಈ ಶಿಸ್ತು ಒಗ್ಗುವುದು ತುಸು ಕಷ್ಟ, ಏಕೆಂದರೆ ಪಿತ್ತಜನಕಾಂಗ (ಲಿವರ್) ಗಾಯದ ಕಲೆಗಟ್ಟಿ ಗಡುಸಾಗುವ ಸಿರೋಸಿಸ್ ಬಹುಮಟ್ಟಿಗೆ ಓಪಿಡಿಯಲ್ಲೇ ಹದ್ದುಬಸ್ತಿನಲ್ಲಿಡಬೇಕಾದ ಕಾಯಿಲೆ. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಒಡೆಯದಂತೆ ದಿನವೂ ನುಂಗುವ ಪ್ರೊಪ್ರನೊಲಾಲ್ ಮಾತ್ರೆ, ಹೊಟ್ಟೆಯಲ್ಲಿ ನೀರು ತುಂಬದಂತೆ ಉಪ್ಪಿನ ಪಥ್ಯ, ಬುದ್ಧಿಗೆ ಮಂಕು ಕವಿಯದಂತೆ ಲ್ಯಾಕ್ಟುಲೋಸ್ ಸಿರಪ್, ಕ್ಯಾನ್ಸರ್ ಮೊಳೆತರೆ ಬೇಗ ಸಿಕ್ಕಿಬೀಳಲೆಂದು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್: ಇವೆಲ್ಲ ಇನ್ನೂ ನಡೆದಾಡುತ್ತಿರುವ ಮನುಷ್ಯನಿಗೆ ಬೇಕಾದವು. ನಡೆದಾಡುವುದೇ ಅವನ ಅನರ್ಹತೆ.

ಕೌಂಟರಿನ ಸಂಭಾಷಣೆಯನ್ನು ಊಹಿಸಿಕೊಳ್ಳುವುದು ಕಷ್ಟವೇನಲ್ಲ.

‘ರಕ್ತವಾಂತಿ ಏನಾದ್ರೂ ಆಗಿದೆಯೇನಪ್ಪಾ?’

‘ಇಲ್ಲ ಸಾರ್, ಆಗಬಾರದು ಅಂತಲೇ ಬಂದಿದ್ದೀನಿ.’

‘ಹಾಗಾದ್ರೆ ಕಾರ್ಡು ನಡೆಯಲ್ಲ. ಆದ ಮೇಲೆ ಬಾ.’

ಆದ ಮೇಲೆ ಬಂದರೆ ಸರ್ಕಾರದ ಔದಾರ್ಯಕ್ಕೆ ಎಣೆಯಿಲ್ಲ. ತುರ್ತು ಎಂಡೋಸ್ಕೋಪಿ, ಒಡೆದ ನಾಳಕ್ಕೆ ಬಿಗಿಯುವ ರಬ್ಬರ್ ಬ್ಯಾಂಡು, ಬಾಟಲಿಗಟ್ಟಲೆ ರಕ್ತ, ಐಸಿಯು ಎಲ್ಲವೂ ಯೋಜನೆಯ ಲೆಕ್ಕಕ್ಕೆ ಸೇರುತ್ತವೆ. ಅಷ್ಟು ಹೊತ್ತಿಗೆ ರೋಗಿ ಉಳಿದಿದ್ದರೆ, ಬಿಡುಗಡೆಯ ಚೀಟಿಯ ಕೊನೆಗೆ ‘ನಾಲ್ಕು ವಾರದ ನಂತರ ಓಪಿಡಿಗೆ ಬರತಕ್ಕದ್ದು’ ಎಂದು ಬರೆದು, ಕಾರ್ಡು ಕಣ್ಣು ಮುಚ್ಚುವ ಅದೇ ಬೆಂಚಿಗೆ ಅವನನ್ನು ಮರಳಿ ಕಳುಹಿಸಲಾಗುತ್ತದೆ.

ಕಾಯಿಲೆಯ ಕಾರಣವನ್ನು ಜಾಣತನದಿಂದ ಆರಿಸಿಕೊಂಡವರ ಮಾತು ಬೇರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪಿತ್ತಜನಕಾಂಗವನ್ನು ಕೆಡಿಸುವ ಹೆಪಟೈಟಿಸ್ ಬಿ ಮತ್ತು ಸಿ ವೈರಸ್ ಸೋಂಕಿಗೆ ಪರೀಕ್ಷೆಯೂ ಔಷಧಿಯೂ ಉಚಿತ. ಸಕ್ಕರೆ ಕಾಯಿಲೆ, ಬೊಜ್ಜಿನಿಂದ ಪಿತ್ತಜನಕಾಂಗಕ್ಕೆ ಕೊಬ್ಬು ಕಟ್ಟಿಸಿಕೊಂಡವರಿಗೆ ಆ ಯೋಗವಿಲ್ಲ; ಹನಿ ಮದ್ಯ ಮುಟ್ಟದಿದ್ದರೂ ‘ಕುಡುಕ’ ಎಂಬ ಬಿರುದು ಮಾತ್ರ ಅವರಿಗೂ ಉಚಿತವಾಗಿಯೇ ದೊರೆಯುತ್ತದೆ.

ನಿಜವಾಗಿ ಕುಡಿದವರಾದರೂ ರಾಜ್ಯದ ಬೊಕ್ಕಸಕ್ಕೆ ಬೇಡವಾದವರಲ್ಲ. 2024–25ಕ್ಕೆ 38,525 ಕೋಟಿ ರೂಪಾಯಿಯಿದ್ದ ಅಬಕಾರಿ ಗುರಿಯನ್ನು 2025–26ಕ್ಕೆ 40,000 ಕೋಟಿಗೆ ಏರಿಸಿದ ಸರ್ಕಾರ, ತನ್ನದೇ ಎಂಎಸ್‌ಐಎಲ್ ಮಳಿಗೆಗಳ ಮೂಲಕ ಹಳ್ಳಿಗಾಡಿಗೂ ಬಾಟಲಿ ತಲುಪಿಸುತ್ತದೆ. ಅದೇ ಹಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಪಿತ್ತಜನಕಾಂಗ ತಜ್ಞರನ್ನು ಕೇಳಿದರೆ ಬೆಂಗಳೂರಿನ ರಾತ್ರಿ ಬಸ್ಸಿನ ವೇಳೆ ಹೇಳಿಯಾರು. ಕ್ವಾರ್ಟರು ಕ್ವಾರ್ಟರಿಗೂ ತೆರಿಗೆ ಎಣಿಸಿಕೊಳ್ಳಬಲ್ಲ ಸರ್ಕಾರಕ್ಕೆ ದಿನಕ್ಕೊಂದು ಮಾತ್ರೆಯ ಲೆಕ್ಕ ಇಡುವುದು ಮಾತ್ರ ಎಟುಕದ ಗಣಿತ.

ಹಾಗಾಗಿ ಪಿತ್ತಜನಕಾಂಗದ ಓಪಿಡಿಯನ್ನು ಆರೋಗ್ಯ ಇಲಾಖೆಯಿಂದ ಬಿಡಿಸಿ ಅಬಕಾರಿ ಇಲಾಖೆಗೆ ವಹಿಸಬೇಕೆಂದು ವಿನಂತಿ. ಗುರಿ ಹಾಕಿಕೊಂಡು, ತಿಂಗಳು ತಿಂಗಳೂ ಪರಿಶೀಲಿಸಿ, ಹಿಂದುಳಿದ ಅಧಿಕಾರಿಗೆ ನೋಟಿಸ್ ಕೊಡುವ ಅಭ್ಯಾಸ ಆ ಇಲಾಖೆಗಿದೆ. ಮೇಲಾಗಿ ಗಿರಾಕಿ ಬದುಕಿರಲಿ ಎಂಬ ಸ್ವಾರ್ಥವಾದರೂ ಇದ್ದೇ ಇರುತ್ತದೆ.