ಗುಡಿಸೋ ವಾರ

ಜರ್ಮನಿಯಿಂದ ವಾಪಸ್ ಬಂದು ಮೂರು ತಿಂಗಳಾಯ್ತು. ಇಷ್ಟರಲ್ಲಿ ಜನ ಕೇಳಿದ ಪ್ರಶ್ನೆಗಳನ್ನೆಲ್ಲ ಸೋಸಿದರೆ ಉಳಿಯೋದು ಮೂರೇ. ಎಷ್ಟು ಉಳಿಸಿದೆ? ಅಲ್ಲೇ ಇರಬಾರದಿತ್ತಾ? ಮೂರನೆಯದನ್ನು ಯಾರೂ ಬಾಯಿಬಿಟ್ಟು ಕೇಳಲ್ಲ, ಕಾಫಿ ಲೋಟದ ಮೇಲಿಂದ ಕಣ್ಣಲ್ಲೇ ಕೇಳ್ತಾರೆ: ಕೆಲಸದಿಂದ ತೆಗೆದುಬಿಟ್ರಾ?

ತೆಗೆದಿಲ್ಲ. ಕಂಪನಿ ಕಳಿಸಿದ್ದೇ ಒಂದು ವರ್ಷಕ್ಕೆ. 2024ರ ಮಾರ್ಚಿನಲ್ಲಿ ಸ್ಟುಟ್‌ಗಾರ್ಟ್‌ಗೆ ಹೋದೆ, 2025ರ ಮಾರ್ಚಿನಲ್ಲಿ ಮೈಸೂರಿಗೆ ಬಂದೆ. ಅಷ್ಟೇ ಕಥೆ.

ಈ ಒಂದು ವರ್ಷ ಅನ್ನೋದು ಬಲು ಎಡವಟ್ಟು ಅಳತೆ ಮಾರಾಯ್ರೆ. ಹದಿನೈದು ದಿನ ಹೋಗಿ ಬಂದರೆ ಫೋಟೊ ತೋರಿಸಿ, ಚಾಕೊಲೇಟ್ ಹಂಚಿ ಕೈ ತೊಳೆದುಕೊಳ್ಳಬಹುದು. ಹತ್ತು ವರ್ಷ ಇದ್ದು ಬಂದರೆ 'ಪಾಪ, ಅವನಿಗೆ ಇಲ್ಲಿನ ನೀರು ಒಗ್ಗಲ್ಲ' ಅಂತ ಕಾಯಿಸಿ ಆರಿಸಿ ಕೊಡ್ತಾರೆ. ಒಂದು ವರ್ಷದವನಿಗೆ ಆ ಮರ್ಯಾದೆಯೂ ಇಲ್ಲ, ಈ ಬಿಡುಗಡೆಯೂ ಇಲ್ಲ. ಹಾರ್ನ್ ಬಗ್ಗೆ ಒಂದು ಮಾತು ಆಡಿದರೆ 'ನೋಡಪ್ಪಾ, ಒಂದೇ ವರ್ಷಕ್ಕೆ ದೊರೆ ಆಗಿಬಿಟ್ಟ'. ಆಡದೆ ಇದ್ದರೆ 'ಅಷ್ಟು ದೂರ ಹೋಗಿ ಏನು ನೋಡ್ಕೊಂಡು ಬಂದ ಇವನು?'

ಇದನ್ನೆಲ್ಲ ನಗ್ತಾ ಸಹಿಸಿಕೊಂಡಿದ್ದೇನೆ. ಸಹಿಸೋಕೆ ಆಗದ ಮಾತು ಒಂದೇ ಒಂದು. 'ಅಲ್ಲಿ ಎಷ್ಟು ಕ್ಲೀನ್ ಅಲ್ವಾ! ಅಲ್ಲಿನ ಸರ್ಕಾರ ಹಂಗೆ.'

ಇಲ್ಲ ಸ್ವಾಮಿ. ನಾನಿದ್ದ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸಿದ್ದು ಸರ್ಕಾರ ಅಲ್ಲ. ನಾನು.

ಸ್ಟುಟ್‌ಗಾರ್ಟ್ ಇರೋದು ಶ್ವಾಬಿಯಾ ಅನ್ನೋ ಸೀಮೆಯಲ್ಲಿ. ಆ ಸೀಮೆಯವರನ್ನು ಉಳಿದ ಜರ್ಮನರು ಎರಡು ವಿಷಯಕ್ಕೆ ಆಡಿಕೊಳ್ತಾರೆ. ಒಂದು ಜಿಪುಣತನ, ಇನ್ನೊಂದು ಕೇರ್‌ವೊಖೆ. ಕೇರ್‌ವೊಖೆ ಅಂದರೆ ನೇರವಾಗಿ 'ಗುಡಿಸೋ ವಾರ'. ಹೋದ ಹೊಸದರಲ್ಲಿ ಒಂದು ಬೆಳಿಗ್ಗೆ ನೋಡ್ತೀನಿ, ನನ್ನ ಬಾಗಿಲ ಹಿಡಿಗೆ ಒಂದು ಪುಟ್ಟ ಹಲಗೆ ನೇತಾಡ್ತಿದೆ. ಯಾರೋ ಮರೆತಿರಬೇಕು ಅಂತ ಎದುರುಮನೆ ಬಾಗಿಲಿಗೆ ಸಿಕ್ಕಿಸಿ ಆಫೀಸಿಗೆ ಹೋದೆ. ಸಂಜೆ ಬಂದರೆ ಮತ್ತೆ ನನ್ನ ಬಾಗಿಲಲ್ಲಿ. ಮತ್ತೆ ಅಲ್ಲಿಗೆ ಸಿಕ್ಕಿಸಿದೆ. ಹತ್ತು ನಿಮಿಷಕ್ಕೆ ಬೆಲ್ ಆಯ್ತು. ಎದುರುಮನೆ ಅಜ್ಜಿ, ಎಂಬತ್ತರ ಹತ್ತಿರದವರು, ಹಲಗೆ ಹಿಡಿದು ನಿಂತಿದ್ದಾರೆ, ಪಕ್ಕದಲ್ಲಿ ಬಕೆಟ್ಟು.

ಆ ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಆ ಮಹಡಿಯ ಮೆಟ್ಟಿಲು, ಕಟಾಂಜನ, ಕಿಟಕಿ ಕಟ್ಟೆ ಅವರ ಪಾಲು. ಮುಗಿಸಿದ ಮೇಲೆ ಎದುರುಮನೆಗೆ ದಾಟಿಸಬೇಕು. ಇದು ಸಣ್ಣ ಕೇರ್‌ವೊಖೆ. ದೊಡ್ಡದು ಅಂತ ಇನ್ನೊಂದಿದೆ, ಅದು ಇಡೀ ಕಟ್ಟಡಕ್ಕೆ ಸರದಿ ಪ್ರಕಾರ ಬರುತ್ತೆ: ಮುಂದಿನ ಫುಟ್‌ಪಾತು, ನೆಲಮಾಳಿಗೆ ದಾರಿ, ಕಸದ ಡಬ್ಬಿ ಇಡೋ ಜಾಗ. ಚಳಿಗಾಲದಲ್ಲಿ ಹಿಮ ಬಿದ್ದರೆ ಬೆಳಿಗ್ಗೆ ಏಳರೊಳಗೆ ಎದ್ದು ಸಲಿಕೆ ಹಿಡಿದು ದಾರಿ ಮಾಡಬೇಕು. ನಮ್ಮ ಮುಂದೆ ಯಾರಾದರೂ ಜಾರಿ ಬಿದ್ದರೆ ಹೊಣೆ ನಮ್ಮ ತಲೆಗೇ ಬರುತ್ತೆ. ಹಿಮ ಬಿದ್ದ ಮೊದಲ ದಿನ ಎಲ್ಲರಂತೆ ನಾನೂ ವಿಡಿಯೊ ಮಾಡಿ ಮನೆಗೆ ಕಳಿಸಿದ್ದೆ. ಎರಡನೇ ಸಲ ಬಿದ್ದಾಗ ನನ್ನ ಸರದಿ ಇತ್ತು. ಆಮೇಲೆ ವಿಡಿಯೊ ಮಾಡಲಿಲ್ಲ.

ಮೊದಲ ವಾರ ಗುಡಿಸಿದ್ದನ್ನು ಅಜ್ಜಿ ಬಂದು ನೋಡಿದರು. ಮೆಟ್ಟಿಲ ಮೂಲೆಗೆ ಬೆರಳಿಟ್ಟು 'ನಸ್, ನಸ್' ಅಂದರು. ನಶ್ಯ ಕೇಳ್ತಿದ್ದಾರೇನೋ ಅಂತ ಕಕ್ಕಾಬಿಕ್ಕಿಯಾದೆ. ನಸ್ ಅಂದರೆ ಒದ್ದೆ. ಬರೀ ಗುಡಿಸಿದರೆ ಆಗಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮೇಲಿಂದ ಕೆಳಕ್ಕೆ, ಗೋಡೆ ಕಡೆಯಿಂದ ಹೊರಕ್ಕೆ. ಮೂವತ್ತಾರು ವರ್ಷದ ನನಗೆ ನೆಲ ಒರೆಸೋಕೆ ಹೇಳಿಕೊಟ್ಟಿದ್ದು ಕನ್ನಡದ ಒಂದು ಪದ ಗೊತ್ತಿಲ್ಲದ ಆ ಹೆಂಗಸು. ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೆದಿದ್ದೇನೆ.

1492ರಷ್ಟು ಹಿಂದೆಯೇ ಎಬರ್‌ಹಾರ್ಟ್ ಅನ್ನೋ ಗಡ್ಡದ ದೊರೆ ಆ ಊರಲ್ಲಿ ಪ್ರತಿಯೊಬ್ಬನೂ ತನ್ನ ಗೊಬ್ಬರ ಕಸವನ್ನು ವಾರವಾರ ಊರಾಚೆ ಸಾಗಿಸಬೇಕು ಅಂತ ಕಟ್ಟಳೆ ಮಾಡಿದ್ದ. ಗುಡಿಸೋ ವಾರದ ಬೇರು ಅಲ್ಲಿದೆ ಅಂತಾರೆ. 1988ರಲ್ಲಿ ನಗರಸಭೆ ಇದನ್ನು ತನ್ನ ನಿಯಮದಿಂದ ಕೈಬಿಟ್ಟಿತು. ಬಾಡಿಗೆ ಕರಾರುಗಳಲ್ಲಿ ಮಾತ್ರ ಹಾಗೇ ಉಳಿದಿದೆ, ಅಜ್ಜಿಯಂಥವರ ಕಣ್ಣಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿದೆ. ಅಂದರೆ 'ಸರ್ಕಾರ ಹಂಗೆ' ಅನ್ನೋ ಸರ್ಕಾರ ಈ ವಿಷಯದಲ್ಲಿ ಎಂದೋ ಜಾಗ ಖಾಲಿ ಮಾಡಿದೆ.

ಹಾಗಂತ ಅಲ್ಲಿಯವರೆಲ್ಲ ದೇವತೆಗಳು ಅಂತ ಹೇಳ್ತಿಲ್ಲ. ಆಫೀಸಿನ ಕಕ್ಕಸು ತೊಳೀತಿದ್ದವರು ಬೇರೆ ದೇಶಗಳಿಂದ ಬಂದ ಹೆಂಗಸರೇ. ನಾವು ಬರೋಷ್ಟರಲ್ಲಿ ಕೆಲಸ ಮುಗಿಸಿ ಹೋಗಿರ್ತಿದ್ದರು, ಮುಖ ನೋಡಿದ್ದೇ ಅಪರೂಪ. ರೈಲು ಹೊತ್ತಿಗೆ ಸರಿಯಾಗಿ ಬರುತ್ತೆ ಅನ್ನೋದೂ ಶುದ್ಧ ಸುಳ್ಳು, ಅದನ್ನು ಇನ್ನೊಂದು ದಿನ ಬರೀತೀನಿ. ಊರಿನ ಮುಖ್ಯ ರೈಲು ನಿಲ್ದಾಣವನ್ನು ನೆಲದಡಿಗೆ ಇಳಿಸ್ತೀವಿ ಅಂತ 2010ರಲ್ಲಿ ಅಗೆಯೋಕೆ ಶುರು ಮಾಡಿದವರು ನಾನು ವಾಪಸ್ ಬರೋವಾಗಲೂ ಮುಗಿಸಿರಲಿಲ್ಲ. ತಗಡಿನ ಬೇಲಿ, ಕ್ರೇನು, ಸುತ್ತು ದಾರಿ ನೋಡಿದಾಗೆಲ್ಲ ಬೆಂಗಳೂರಿನ ನೆನಪಾಗಿ ಎದೆ ತಣ್ಣಗಾಗ್ತಿತ್ತು.

ಒಂದು ಭಾನುವಾರ ಟ್ಯೂಬಿಂಗೆನ್‌ಗೆ ಹೋಗಿದ್ದೆ. ಅಲ್ಲಿ ಭಾನುವಾರ ಅಂಗಡಿ ಇಲ್ಲ, ಗಲಾಟೆ ಇಲ್ಲ, ಖಾಲಿ ಗಾಜಿನ ಬಾಟಲಿಯನ್ನು ಡಬ್ಬಿಗೆ ಎಸೆಯೋ ಹಾಗೂ ಇಲ್ಲ, ಸದ್ದಾಗುತ್ತೆ ಅಂತ. ಒಂಟಿ ಮನುಷ್ಯ ಮಾಡೋದಾದರೂ ಏನು? ದೇಶವಿಡೀ ಲೋಕಲ್ ರೈಲು ಬಸ್ಸಿಗೆ ನಡೆಯೋ ತಿಂಗಳ ಪಾಸು ಇತ್ತು, ನಾನು ಹೋದಾಗ 49 ಯೂರೋ, ಬರೋವಾಗ 58. ರೈಲು ಹತ್ತಿದರೆ ಹತ್ತಿರ ಹತ್ತಿರ ಒಂದು ಗಂಟೆ. ನಮ್ಮ ಕಿಟೆಲ್ ಮಣ್ಣಾಗಿರೋದು ಆ ಊರಲ್ಲಿ. ಹೌದು, ಸುಮಾರು 70 ಸಾವಿರ ಪದಗಳ ಕನ್ನಡ ನಿಘಂಟು ಮಾಡಿದ ಫರ್ಡಿನೆಂಡ್ ಕಿಟೆಲ್. 1894ರಲ್ಲಿ ಮಂಗಳೂರಲ್ಲಿ ಅದು ಅಚ್ಚಾಯ್ತು, 1903ರಲ್ಲಿ ಅವರು ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟ ಟ್ಯೂಬಿಂಗೆನ್ ವಿಶ್ವವಿದ್ಯಾಲಯವನ್ನು 1477ರಲ್ಲಿ ಕಟ್ಟಿಸಿದವನು ಯಾರು ಗೊತ್ತೇ? ಅದೇ ಗಡ್ಡದ ಎಬರ್‌ಹಾರ್ಟ್. ನನ್ನ ಕೈಗೆ ಪೊರಕೆ ಕೊಡಿಸಿದವನೇ ಕನ್ನಡದ ಕೆಲಸಕ್ಕೆ ಪದವಿ ಕೊಟ್ಟ ಮನೆಯನ್ನೂ ಕಟ್ಟಿದ್ದ.

ಸ್ಮಶಾನದಲ್ಲಿ ನಿಂತಾಗ ಭಕ್ತಿಗಿಂತ ಹೆಚ್ಚಾಗಿ ಒಂದು ತರಲೆ ಯೋಚನೆ ಬಂತು. ದಶಕಗಟ್ಟಲೆ ಮಂಗಳೂರು, ಧಾರವಾಡ, ಮಡಿಕೇರಿ ಅಂತ ಓಡಾಡಿ ಊರಿಗೆ ಮರಳಿದಾಗ ಇವರಿಗೂ ಯಾರಾದರೂ ಕೇಳಿರಬಹುದಾ, 'ಎಷ್ಟು ಉಳಿಸಿದೆ' ಅಂತ? ಪೊರಕೆಗೇ ನಮ್ಮಲ್ಲಿ ಎಷ್ಟು ಹೆಸರು ನೋಡಿ. ನಾವು ಪೊರಕೆ ಅಂತೀವಿ, ಉತ್ತರದ ಕಡೆ ಕಸಬರಿಗೆ, ಕರಾವಳಿಯಲ್ಲಿ ಹಿಡಿಸೂಡಿ. ಇಷ್ಟೆಲ್ಲ ಹೆಸರಿಟ್ಟುಕೊಂಡು ಗಂಡಸರು ಅದನ್ನು ಮುಟ್ಟದೆ ಬದುಕಿಬಿಟ್ಟಿದ್ದೇವೆ.

ಹೊರಡೋ ಗಡಿಬಿಡಿಯ ಬಗ್ಗೆ ಹೆಚ್ಚು ಹೇಳೋಕಿಲ್ಲ. ಬಂದಾಗ ನಗರ ಕಚೇರಿಯಲ್ಲಿ ಹೆಸರು ಬರೆಸಿದ ಹಾಗೆ ಹೋಗೋವಾಗ ಹೆಸರು ತೆಗೆಸಬೇಕು. ತೆಗೆಸಿದೆ. ಮಂಚ, ಕುಕ್ಕರು, ಸೈಕಲ್ಲು ಮಾರಿದೆ. ಕೊನೆಯ ವಾರವೂ ಹಲಗೆ ನನ್ನ ಬಾಗಿಲಲ್ಲೇ ಇತ್ತು. ಒರೆಸಿ, ಎದುರುಮನೆಗೆ ಸಿಕ್ಕಿಸಿ, ಬೆಲ್ ಒತ್ತಿದೆ. ಅಜ್ಜಿ ಮೂಲೆ ನೋಡಿದರು, ನನ್ನನ್ನು ನೋಡಿದರು, ಕೈಕುಲುಕಿದರು. ಒಂದು ಬಾಟಲಿ ಮನೆಯಲ್ಲೇ ಮಾಡಿದ ಜಾಮ್ ಕೊಟ್ಟರು. ಸೂಟ್‌ಕೇಸ್ ತೂಕ 23 ಕಿಲೋ ದಾಟುತ್ತೆ ಅಂತ ನನ್ನ ಶೂ ಬಿಟ್ಟು ಜಾಮ್ ತಂದೆ.

ಕೆಂಪೇಗೌಡ ಏರ್‌ಪೋರ್ಟಿನಿಂದ ಫ್ಲೈಬಸ್ಸು ಹತ್ತಿ ಮೈಸೂರಿಗೆ ಬಂದಾಗ ಬೆಳಗಿನ ಜಾವ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡ್ತಿದ್ದ ಅಮ್ಮ ಹಾಗೇ ಬಿಟ್ಟು ಎದ್ದುಬಂದರು. ಅಳು, ಕಾಫಿ, ಇಡ್ಲಿ. ತಿಂದು ಮುಗಿಸಿ ತಟ್ಟೆ ಎತ್ತಿಕೊಂಡು ಸಿಂಕ್ ಕಡೆ ಹೊರಟೆ. ಅಮ್ಮ ಅಡ್ಡ ನಿಂತರು. 'ಬಿಡೋ, ಬಂದ ದಿನಾನೇ!' ಸರಿ, ಬಂದ ದಿನ. ಮಾರನೇ ದಿನವೂ ಅದೇ. 'ಅಲ್ಲಿ ಮಾಡಿ ಮಾಡಿ ಸಾಕಾಗಿದೆ ಪಾಪ, ಇಲ್ಲೂ ಮಾಡ್ಬೇಕಾ?' ಒಂದು ವಾರದ ಮೇಲೆ ಬೆಳಿಗ್ಗೆ ಎದ್ದು ಗೇಟಿನ ಮುಂದೆ ಕಡ್ಡಿಪೊರಕೆ ಹಿಡಿದು ಗುಡಿಸೋಕೆ ನಿಂತೆ. ವಾಕಿಂಗ್ ಹೊರಟ ಪಕ್ಕದ ರಸ್ತೆಯ ಹಿರಿಯರು ನಿಂತು, 'ಏನಪ್ಪಾ, ಮನೇಲಿ ಯಾರಿಗೂ ಹುಷಾರಿಲ್ವಾ?' ಅಂತ ನಿಜವಾದ ಕಾಳಜಿಯಿಂದಲೇ ಕೇಳಿದರು. ಅಮ್ಮ ಒಳಗಿಂದ ಬಂದು ಪೊರಕೆ ಕಿತ್ತುಕೊಂಡರು. ಮಗನನ್ನು ಬೀದಿಯಲ್ಲಿ ಪೊರಕೆ ಹಿಡಿಸಿದ ಅಪವಾದ ಅವರಿಗೆ ಬೇಡವಾಗಿತ್ತು.

ತಪ್ಪು ಅಮ್ಮನದು ಅಂತ ಬರೆದು ಜಾರಿಕೊಳ್ಳೋದು ಸುಲಭ. ನಿಜ ಹೇಳ್ತೀನಿ. ಮೂರನೇ ವಾರದ ಹೊತ್ತಿಗೆ ನಾನೇ ತಟ್ಟೆ ಬಿಟ್ಟು ಏಳ್ತಿದ್ದೆ. ಒಂದು ವರ್ಷ ರೂಢಿಯಾದದ್ದು ಇಪ್ಪತ್ತು ದಿನಕ್ಕೆ ಇಳಿದುಹೋಯ್ತು. ಜೆಟ್‌ಲ್ಯಾಗ್ ಹೋಗೋಕೆ ಅದಕ್ಕಿಂತ ಕಷ್ಟವಾಗಿತ್ತು.

ನನ್ನ ತಕರಾರು ಇರೋದು ಇಲ್ಲೇ. ನಾವು ಸ್ವಚ್ಛತೆ ಅಂದಾಗೆಲ್ಲ ರಸ್ತೆ ಬಗ್ಗೆ ಮಾತಾಡ್ತೀವಿ, ಮೇಯರ್ ಬಗ್ಗೆ ಮಾತಾಡ್ತೀವಿ. ನಮ್ಮೂರೇನು ಕಡಿಮೆ ಊರಲ್ಲ. ಕೇಂದ್ರದ ಪಟ್ಟಿಯಲ್ಲಿ 2015, 2016ರಲ್ಲಿ ಎರಡು ಸಲ ದೇಶಕ್ಕೇ ಮೊದಲ ಸ್ವಚ್ಛ ನಗರ ಅನ್ನಿಸಿಕೊಂಡಿತ್ತು. ಆ ಹೆಮ್ಮೆ ನನಗೂ ಇತ್ತು, ಎರಡು ಸಲವೂ ಸ್ಟೇಟಸ್ ಹಾಕಿದ್ದೆ. ಯೋಚನೆ ಮಾಡಿದರೆ ಆ ಎರಡು ವರ್ಷ ನಾನು ಗುಡಿಸಿದ್ದು ಸೊನ್ನೆ. ಗುಡಿಸಿದ್ದು ಬೆಳಿಗ್ಗೆ ಹಾಡು ಹಾಕಿಕೊಂಡು ಬರೋ ಗಾಡಿಯ ಹಿಂದೆ ಓಡೋ ಪೌರಕಾರ್ಮಿಕರು. ಹಸಿ ಕಸ ಒಣ ಕಸ ಒಂದೇ ಕವರಿಗೆ ತುಂಬಿ ಗಂಟು ಹಾಕಿ ನಾವು ಕೊಡ್ತಿದ್ದದ್ದನ್ನು ಬಿಚ್ಚಿ ಬರಿಗೈಲಿ ಬೇರೆ ಮಾಡ್ತಿದ್ದದ್ದು ಅವರು. ಮನೆಯೊಳಗೆ ಅಮ್ಮ, ಹೆಂಡತಿ, ಕೆಲಸದಾಕೆ. ಈ ನಾಲ್ಕೈದು ಜೊತೆ ಕೈಗಳು ನಿಂತರೆ ನನ್ನ ಸ್ವಚ್ಛತೆಯ ಅಭಿಮಾನ ಮೂರು ದಿನಕ್ಕೆ ನಾರುತ್ತೆ.

ಅಲ್ಲಿ ನನಗೆ ಕೆಳಗೆ ದಾಟಿಸೋಕೆ ಯಾರೂ ಇರಲಿಲ್ಲ, ಅದಕ್ಕೇ ಮಾಡಿದೆ. ಹಲಗೆ ಪಕ್ಕಕ್ಕೆ ದಾಟುತ್ತಿತ್ತು, ಎದುರುಮನೆಗೆ, ನನ್ನಂಥವರಿಗೇ. ಇಲ್ಲಿ ಅದು ಯಾವಾಗಲೂ ಕೆಳಕ್ಕೇ ಇಳಿಯುತ್ತೆ. ಗಂಡಸಿಂದ ಹೆಂಗಸಿಗೆ, ಅತ್ತೆಯಿಂದ ಸೊಸೆಗೆ, ಮನೆಯಿಂದ ಕೆಲಸದವರಿಗೆ, ಕೊನೆಗೆ ಕೆಲವೇ ಜಾತಿಗಳ ಕೇರಿಗೆ. ಅಲ್ಲಿಂದ ಮೇಲಕ್ಕೆ ಅದು ಎಂದೂ ವಾಪಸ್ ಬರಲ್ಲ.

ಇನ್ನೊಂದು ವಿಷಯ, ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮನೆ ಕೆಲಸದಾಕೆಯ ಕಾಫಿ ಲೋಟ ಹಿತ್ತಲ ಕಿಟಕಿ ಕಟ್ಟೆ ಮೇಲೆ ಬೇರೆ ಇರುತ್ತೆ. ಎಷ್ಟು ವರ್ಷದಿಂದಲೋ ಇದೆ. ಅದು ನನ್ನ ಕಣ್ಣಿಗೆ ಬಿದ್ದದ್ದು ಈಗ, ವಾಪಸ್ ಬಂದ ಮೇಲೆ. ಅಜ್ಜಿಯ ಬಕೆಟ್ಟು ನನ್ನ ಬಕೆಟ್ಟು ಅಂತ ಭೇದವಿಲ್ಲದೆ ಒಂದು ವರ್ಷ ಒರೆಸಿ ಬಂದವನಿಗೆ ಆ ಸ್ಟೀಲ್ ಲೋಟ ನೋಡಿ ಹೊಟ್ಟೆ ತೊಳಸಿತು. ಒಂದು ದಿನ ಅದನ್ನು ತಂದು ಬಾಕಿ ಲೋಟಗಳ ಜೊತೆ ಸ್ಟ್ಯಾಂಡಿಗೆ ಹಾಕಿದೆ. ಅಮ್ಮ ಏನೂ ಅನ್ನಲಿಲ್ಲ. ಸಂಜೆ ನೋಡಿದರೆ ಲೋಟ ಕಿಟಕಿಗೆ ವಾಪಸ್ಸು. ಅಮ್ಮ ಇಟ್ಟರಾ ಅಂದುಕೊಂಡೆ. ಇಲ್ಲ, ಆಕೆಯೇ ಹುಡುಕಿ ತೆಗೆದಿಟ್ಟಿದ್ದಳು. 'ಬ್ಯಾಡ ಬುಡಣ್ಣ, ಅಮ್ಮಾರಿಗೆ ಬೇಜಾರಾಗ್ತದೆ' ಅಂದಳು. ಅಲ್ಲಿಗೆ ನನ್ನ ಕ್ರಾಂತಿ ನಿಂತಿದೆ. ಮುಂದೇನು ಮಾಡಬೇಕೋ ಗೊತ್ತಾಗಿಲ್ಲ. ಕಾಮೆಂಟಿನಲ್ಲಿ ಸುಲಭದ ಪರಿಹಾರ ಹೇಳೋರು ದಯವಿಟ್ಟು ಮೊದಲು ತಮ್ಮನೆ ಹಿತ್ತಲ ಕಿಟಕಿ ನೋಡಿ ಬನ್ನಿ.

ಇಷ್ಟು ಬರೆದು ಹೆಂಡತಿಗೆ ಓದೋಕೆ ಕೊಟ್ಟೆ. ಒಂದು ವರ್ಷ ಇಲ್ಲಿ ಕೆಲಸ, ಮನೆ, ಅತ್ತೆ ಎಲ್ಲ ಒಬ್ಬಳೇ ನೋಡಿಕೊಂಡವಳು. ಪೂರ್ತಿ ಓದಿ ಫೋನ್ ವಾಪಸ್ ಕೊಟ್ಟು ಹೇಳಿದಳು: 'ಚೆನ್ನಾಗಿದೆ. ನೀವು ಒಂದು ವರ್ಷ ಮೆಟ್ಟಿಲು ಒರೆಸಿದ್ದಕ್ಕೆ ಇಷ್ಟುದ್ದ ಪೋಸ್ಟು. ನಾನು ಒಂಬತ್ತು ವರ್ಷದಿಂದ ಇಡೀ ಮನೆ ಒರೆಸ್ತಿದ್ದೀನಿ, ಒಂದು ಸ್ಟೇಟಸ್ಸೂ ಹಾಕಿಲ್ಲ.'

ಉತ್ತರ ಹೊಳೀಲಿಲ್ಲ. ಅವತ್ತು ರಾತ್ರಿ ಕೊರಿಯರ್ ಬಂದ ರಟ್ಟಿನ ಡಬ್ಬಿ ಕತ್ತರಿಸಿ, ಮಾರ್ಕರಿನಲ್ಲಿ ದೊಡ್ಡದಾಗಿ 'ಗುಡಿಸೋ ವಾರ' ಅಂತ ಬರೆದು, ದಾರ ಪೋಣಿಸಿ ನಮ್ಮ ರೂಮಿನ ಬಾಗಿಲ ಹಿಡಿಗೆ ಸಿಕ್ಕಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ರಟ್ಟು ಇರಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಅದನ್ನು ಮೊಸರಿನ ಪಾತ್ರೆಗೆ ಮುಚ್ಚಿದ್ದರು. ಹೊಸ ರಟ್ಟು ಹುಡುಕ್ತಿದ್ದೀನಿ, ಈ ಸಲ ಇನ್ನೂ ಸ್ವಲ್ಪ ಚಿಕ್ಕದಾಗಿ ಕತ್ತರಿಸ್ತೀನಿ, ಯಾವ ಪಾತ್ರೆಗೂ ಮುಚ್ಚಳ ಆಗದ ಹಾಗೆ.